ಹಾಡಿಗೆ ಕರೆಂಟು, ಹಾಡಿಗೆ ತಂತಿ

ಈ ಪುಸ್ತಕಕ್ಕೆ ಇತಿಹಾಸದ ಮ್ಯಾಲೆ ಏನಾದರೂ ಬರೀರಿ ಅಂತ ವಾಚನಾಲಯದವರು ಕೇಳಿದಾಗ, ಗುಡಿ, ಕೋಟೆ, ಸಂಸ್ಥಾನದ ಬಗ್ಗೆ ಬರೆಯುವ ಶಾಣ್ಯಾ ಮಂದಿ ಬೇರೆ ಅದಾರ ಅಂತ ಹೇಳಿದೆ. ನಾನು ಏಳನೇ ಇಯತ್ತೆ ಕಲಿತವ. ಹೊಲ ಮಾಡೋದು, ಹಾಡೋದು, ಇವೆರಡೇ ನನ್ನ ಕಸಬು. ಆದರೆ ಹಾಡಿಗೂ ಒಂದು ಇತಿಹಾಸ ಐತಿ. ಯಾರು ಹಾಡಿದರು, ಏನು ಹಾಡಿದರು ಅನ್ನೋದನ್ನ ಭಾಳ ಮಂದಿ ಬರದಾರ. ಹಾಡಿದ್ದು ಹಾಡಿದವನ ಊರು ದಾಟಿ ಹೆಂಗ ಹೋತು ಅನ್ನೋದನ್ನ ಬರೆದವರು ಕಮ್ಮಿ. ಆ ದಾರಿಯ ಇತಿಹಾಸ ನಾನು ಬರೀತೀನಿ. ನಮ್ಮ ಶಾಲಿ ಮಾಸ್ತರರು ಪುಸ್ತಕ ಹುಡುಕಿ ಓದಿ ಹೇಳಿದ್ದು ಸ್ವಲ್ಪ, ನಲವತ್ತು ವರ್ಷ ಮೈಕಿನ ಮುಂದೆ ನಿಂತು ನಾನು ಕಂಡಿದ್ದು ಸ್ವಲ್ಪ.

ದಾರಿಯ ನಡುವೆ ಒಂದು ಪೆಟ್ಟಿಗೆ ಕೂತಿರತದ. ಅದಕ್ಕೆ ಮಿಕ್ಸರ್ ಅಂತಾರ. ನಮ್ಮ ಹುಡುಗರು ಮಿಕ್ಸರ್ ಅಂದರ ಚಟ್ನಿ ಅರೆಯುವ ಮಿಕ್ಸಿ ಅಂತ ತಿಳಕೋತಾರ. ಇದು ಧ್ವನಿ ಕೂಡಿಸುವ ಪೆಟ್ಟಿಗೆ. ಗೀಗೀ ಮ್ಯಾಳ ನೋಡಿದವರಿಗೆ ಇದರ ಅಗತ್ಯ ಬೇಗ ತಿಳೀತದ. ದಪ್ಪಿನ ಸಪ್ಪಳ ದೊಡ್ಡದು, ತುಂತುಣಿಯ ನಾದ ಸಣ್ಣದು, ತಾಳ ಚುಚ್ಚತದ, ಹಿಮ್ಮೇಳದವರ ದನಿ ಹಿಂದೆ ಉಳೀತದ. ಎಲ್ಲರ ನಡುವೆ ಒಂದೇ ಮೈಕು ಇಟ್ಟರೆ ದಪ್ಪು ಎಲ್ಲರನ್ನೂ ನುಂಗತದ. ನಾಲ್ಕು ಮೈಕು ಇಟ್ಟು, ನಾಲ್ಕರ ತಂತಿಯನ್ನೂ ಈ ಪೆಟ್ಟಿಗೆಗೆ ತಂದು, ಒಂದನ್ನು ಇಳಿಸಿ ಒಂದನ್ನು ಏರಿಸಿ, ಸಮ ಮಾಡಿ ಒಂದೇ ತಂತಿಯಲ್ಲಿ ಹೊರಗೆ ಕಳಿಸೋದು ಮಿಕ್ಸರಿನ ಕೆಲಸ. ಮನೆಯ ಹಿರಿಯಾಕಿ ಇದ್ದಂಗ. ಜೋರು ಮಾಡುವವನನ್ನ ಸುಮ್ಮನಾಗಿಸಿ, ಬಾಯಿ ಇಲ್ಲದವನಿಗೆ ಮಾತಾಡಾಕ ಹಚ್ಚತಾಳಲ್ಲ, ಹಂಗ.

ಸ್ಟುಡಿಯೋದ ಒಳಗೆ ಈ ಪೆಟ್ಟಿಗೆಗೆ ಏನೂ ತೊಂದರೆ ಇಲ್ಲ. ಗ್ವಾಡಿಯಾಗ ಕರೆಂಟು ಐತಿ, ಟ್ರಾನ್ಸ್‌ಮಿಟರಿಗೆ ತಂತಿ ಐತಿ. ಹೊರಗೆ ತಂದಾಗ ಎರಡು ಪ್ರಶ್ನೆ ಏಳತಾವ. ಒಂದು, ಇದಕ್ಕೆ ಕರೆಂಟು ಎಲ್ಲಿಂದ? ಎರಡು, ಕೂಡಿಸಿದ ಧ್ವನಿ ಕೇಂದ್ರಕ್ಕೆ ಹೋಗೋದು ಯಾವ ತಂತಿಯಿಂದ? ನೂರು ವರ್ಷದಿಂದ ಇವೇ ಎರಡು ಪ್ರಶ್ನೆ. ಇವಕ್ಕೆ ಉತ್ತರ ಸಿಕ್ಕ ಊರಿನ ದನಿ ಲೋಕಕ್ಕೆ ಕೇಳಿಸಿತು. ಸಿಗದ ಊರಿನ ದನಿ ಅಲ್ಲೇ ಉಳೀತು. ನಾನು ಹೇಳಬೇಕಂದಿದ್ದು ಇದೇ.

ಮೊದಲು ದೂರದ ಊರಿನ ಮಾತು. ಅಮೆರಿಕದ ಪಿಟ್ಸ್‌ಬರ್ಗ್ ಪಟ್ಟಣದಲ್ಲಿ ಕೆಡಿಕೆಎ ಅನ್ನುವ ರೇಡಿಯೋ ಕೇಂದ್ರ ಇತ್ತು. 1921ರ ಜನವರಿ 2ರಂದು ಅವರು ಒಂದು ಇಗರ್ಜಿಯ ಪ್ರಾರ್ಥನೆಯನ್ನು ಅಲ್ಲಿಂದಲೇ ಪ್ರಸಾರ ಮಾಡಿದರು. ಸ್ಟುಡಿಯೋದ ಹೊರಗಿನಿಂದ ಮಾಡಿದ ಮೊದಮೊದಲ ಪ್ರಸಾರಗಳಲ್ಲಿ ಅದು ಒಂದು. ಇಗರ್ಜಿಯಿಂದ ಕೇಂದ್ರದ ತನಕ ಧ್ವನಿ ಒಯ್ದದ್ದು ಟೆಲಿಫೋನ್ ತಂತಿ. ಯಂತ್ರ ನೋಡಿಕೊಳ್ಳುವ ಇಬ್ಬರಿಗೆ ಹಾಡುವ ಮ್ಯಾಳದವರ ನಿಲುವಂಗಿ ತೊಡಿಸಿ ಕೂಡಿಸಿದ್ದರಂತೆ, ಭಕ್ತರ ಲಕ್ಷ್ಯ ಅತ್ತಾಗ ಹೋಗಬಾರದು ಅಂತ. ನಮ್ಮ ಜಾತ್ರಿಯಾಗ ಸೌಂಡ್ ಸಿಸ್ಟಿಮ್ ಹುಡುಗ ದೇವರ ಮುಂದೇ ತಂತಿ ಎಳೀತಿರತಾನ, ಯಾರೂ ಕೇಳಂಗಿಲ್ಲ!

ಮೂರು ವರ್ಷ ಕಳೆದು, 1924ರ ಮೇ 19ರಂದು ಇಂಗ್ಲೆಂಡಿನ ಬಿಬಿಸಿಯವರು ಒಂದು ತೋಟಕ್ಕೆ ಯಂತ್ರ ಹೊತ್ತುಕೊಂಡು ಹೋದರು. ಬಿಯಾಟ್ರಿಸ್ ಹ್ಯಾರಿಸನ್ ಅನ್ನುವ ಹೆಣ್ಣುಮಗಳು ಸರ್ರೆ ಸೀಮೆಯ ತನ್ನ ತೋಟದಲ್ಲಿ ರಾತ್ರಿ ಚೆಲ್ಲೋ ಬಾರಿಸಿದರೆ, ಗಿಡದ ಮೇಲಿನ ನೈಟಿಂಗೇಲ್ ಹಕ್ಕಿ ಜೊತೆಗೂಡಿ ಹಾಡತಿತ್ತು. ಭಾಳ ಹೊತ್ತು ಕಾದ ಮೇಲೆ ಹಕ್ಕಿ ಬಾಯಿ ಬಿಟ್ಟಿತು, ಟೆಲಿಫೋನ್ ತಂತಿ ಹಿಡಿದು ಲಂಡನ್ನಿಗೆ ಹೋತು, ಅಲ್ಲಿಂದ ದೇಶಕ್ಕೆಲ್ಲಾ ಕೇಳಿಸಿತು. ಮುಂದೆ ವರ್ಷಾ ವರ್ಷಾ ಹಂಗೇ ನಡೀತು. 1942ರಲ್ಲಿ ಅದೇ ತೋಟದಿಂದ ಪ್ರಸಾರ ಮಾಡುವಾಗ ಮೇಲಿಂದ ಬಾಂಬು ವಿಮಾನಗಳ ಹಿಂಡು ಹೊಂಟಿತು. ಯುದ್ಧದ ಕಾಲ. ಆ ಸಪ್ಪಳ ರೇಡಿಯೋದಲ್ಲಿ ಹೋದರೆ ವೈರಿಗಳಿಗೆ ಸುಳಿವು ಸಿಕ್ಕೀತು ಅಂತ ಇಂಜಿನಿಯರ್ ಪ್ರಸಾರ ಕಡಿದ. ತೋಟದ ತಂತಿ ಮಾತ್ರ ಹಂಗೇ ಕೂಡಿತ್ತು, ಹಕ್ಕಿಯ ಹಾಡು ವಿಮಾನದ ಸಪ್ಪಳ ಎರಡೂ ಕೂಡಿ ಧ್ವನಿಮುದ್ರಿಕೆಯಲ್ಲಿ ಉಳಿದಾವ. ತಂತಿ ಹಿಡಿದವನ ಕೈಯಾಗ ಎಂಥಾ ಜವಾಬ್ದಾರಿ ಇರತದ ನೋಡ್ರಿ.

ಆಗಿನ ಯಂತ್ರಗಳು ವಾಲ್ವಿನವು. ಗಾಜಿನ ಬುರುಡೆಯೊಳಗೆ ಎಳೆ ಕೆಂಪಗೆ ಕಾಯಬೇಕು, ಅಂದರೇ ಕೆಲಸ. ಹಂಗಾಗಿ ಒಂದು ಯಂತ್ರಕ್ಕೆ ಎರಡು ತರಹದ ಬ್ಯಾಟರಿ ಬೇಕಾಗತಿತ್ತು. ಎಳೆ ಕಾಸಲು ಕಮ್ಮಿ ವೋಲ್ಟಿನದು, ಧ್ವನಿ ಹಿಗ್ಗಿಸಲು ಹೆಚ್ಚು ವೋಲ್ಟಿನದು. ಕಮ್ಮಿ ವೋಲ್ಟಿಂದು ಅಂದರೆ ಸಣ್ಣದು ಅನ್ನಬ್ಯಾಡ್ರಿ. ಸೀಸ ಮತ್ತು ಆಸಿಡ್ ತುಂಬಿದ ಗಾಜಿನ ಡಬ್ಬಿ, ಎತ್ತಿದರೆ ಸೊಂಟ ಹಿಡೀತಿತ್ತು. ನಮ್ಮ ಹಿರಿಯರು ಕಂಡ ಊರ ರೇಡಿಯೋ ಸಹಿತ ಹಂಗೇ, ಬ್ಯಾಟರಿ ತೀರಿತಂದರ ಪ್ಯಾಟಿಗೆ ಒಯ್ದು ಚಾರ್ಜ್ ಮಾಡಿಸಿ ತರಬೇಕು. ಕೇಳೋದಕ್ಕೇ ಇಷ್ಟು ಕಷ್ಟ ಇದ್ದಾಗ, ಹಾಡಿಸಿ ಕಳಿಸೋ ಯಂತ್ರ ಹಳ್ಳಿಗೆ ತರೋರು ಯಾರು?

ಈಗ ನಮ್ಮ ನಾಡಿಗೆ ಬರೋಣ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ನಡೆಸಿದರು. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದು ಅಲ್ಲಿಯೇ. 1947ರ ಆಗಸ್ಟ್ 14ರ ನಡುರಾತ್ರಿ ನೆಹರೂ ಅವರು ದಿಲ್ಲಿಯ ಸಂವಿಧಾನ ಸಭೆಯಲ್ಲಿ ಆಡಿದ ಮಾತು ದೇಶಕ್ಕೆ ಕೇಳಿಸಿದ್ದು, ಸಭೆಯಿಂದ ರೇಡಿಯೋಕ್ಕೆ ತಂತಿ ಇದ್ದುದರಿಂದ. ಐದೂವರೆ ತಿಂಗಳ ಮೇಲೆ, 1948ರ ಜನವರಿ 31ರಂದು ಗಾಂಧೀಜಿಯವರ ಅಂತ್ಯಯಾತ್ರೆ ಹೊಂಟಾಗ ಮೆಲ್ವಿಲ್ ಡಿ ಮೆಲ್ಲೋ ಅವರು ರೇಡಿಯೋ ವ್ಯಾನಿನಿಂದ ಸುಮಾರು ಏಳು ತಾಸು ಕಂಡದ್ದನ್ನು ಕಂಡಂಗ ಹೇಳಿದರು. ಕಾಣದ ಹಳ್ಳಿಯವರೂ ಕಣ್ಣೀರು ಹಾಕಿದರು. ವ್ಯಾನು ಅಂದರೆ ಕರೆಂಟನ್ನೂ ಯಂತ್ರವನ್ನೂ ಕೂಡೇ ಒಯ್ಯುವ ಬಂಡಿ. ಮೊದಲನೇ ಪ್ರಶ್ನೆಗೆ ಅದೇ ಉತ್ತರ.

1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾತು. ಅಕ್ಕಲಕೋಟ ಸೀಮೆಯ ನಮಗೆ ಇದು ದೊಡ್ಡ ಸಂಗತಿ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ನಾವು ಈಚೆ ಉಳಿದೆವು. ಗಡಿ ನೆಲದ ಮ್ಯಾಲೆ ಎಳೆದರು, ಗಾಳಿಯಾಗ ಎಳೆಯಾಕ ಬರಲಿಲ್ಲ. ಧಾರವಾಡದ ಕನ್ನಡ ದನಿ ನಮ್ಮ ಅಂಗಳಕ್ಕೆ ಬರೋದು ನಿಲ್ಲಲಿಲ್ಲ. 1966ರಲ್ಲಿ ಕಲಬುರ್ಗಿ ಕೇಂದ್ರ ಆದಮ್ಯಾಲೆ ಇನ್ನೂ ಸ್ವಚ್ಛ ಕೇಳತಿತ್ತು. ಆದರೆ ಬರುವ ದಾರಿ ಇದ್ದಷ್ಟು ಹೋಗುವ ದಾರಿ ಇರಲಿಲ್ಲ. ರೇಡಿಯೋ ನಮಗೆ ಹಾಡತಿತ್ತು, ನಾವು ರೇಡಿಯೋಕ್ಕೆ ಹಾಡಬೇಕಂದರ ಬಸ್ಸು ಹತ್ತಬೇಕು.

ಇಷ್ಟರೊಳಗೆ ಯಂತ್ರ ಹಗುರ ಆಗಾಕ ಹತ್ತಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಜ್ವಾಳದ ಕಾಳಿನಷ್ಟು ವಸ್ತು, ಕೆಂಪಗೆ ಕಾಯುವ ಬುರುಡೆಯ ಕೆಲಸ ಮಾಡತದ, ಕರೆಂಟು ಮಾತ್ರ ಚೂರೇ ಚೂರು. ಪೋಲೆಂಡಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿಗೆ ಬಂದ ಸ್ಟೆಫಾನ್ ಕುಡೆಲ್ಸ್ಕಿ ಅನ್ನುವ ಹುಡುಗ 1951ರಲ್ಲಿ ಹೆಗಲಿಗೆ ಹಾಕುವಂಥ ಟೇಪ್ ರೆಕಾರ್ಡರ್ ಮಾಡಿದ. ಅದಕ್ಕೆ ನಾಗ್ರಾ ಅಂತ ಹೆಸರಿಟ್ಟ. ಅವರ ಭಾಷೆಯಲ್ಲಿ 'ದಾಖಲು ಮಾಡತದ' ಅಂತ ಅದರ ಅರ್ಥ. ಮೊದಲಿನದು ಗಡಿಯಾರದಂಗ ಕೀಲಿ ಕೊಟ್ಟು ತಿರುಗಿಸುವಂಥದು. ಆ ದಶಕದ ಕೊನೆಗೆ ಬಂದ ಮೂರನೇ ನಾಗ್ರಾ ಪೂರಾ ಟ್ರಾನ್ಸಿಸ್ಟರಿನದು, ದೊಡ್ಡ ಬ್ಯಾಟರಿಯ ಸೆಲ್ಲು ಹನ್ನೆರಡು ಹಾಕಿದರೆ ನಡೀತಿತ್ತು. ಇದರಿಂದ ಎರಡನೇ ಪ್ರಶ್ನೆಗೆ ಒಂದು ಅಡ್ಡದಾರಿ ಸಿಕ್ಕಿತು. ತಂತಿ ಇಲ್ಲದಿದ್ದರ ಬ್ಯಾಡ, ಟೇಪಿನ ಮ್ಯಾಲೆ ಹಿಡಿದುಕೊಂಡು ಹೋಗಿ ಕೇಂದ್ರದಿಂದ ಬಿಡೋದು.

ಆದರೂ ಅಂಥ ಯಂತ್ರ ಎಲ್ಲಾ ಹಳ್ಳಿಗೂ ಬರಲಿಲ್ಲ. ಕೇಂದ್ರಗಳು ಕೆಲವು, ಯಂತ್ರಗಳು ಅದಕ್ಕೂ ಕಮ್ಮಿ, ಊರು ಸಾವಿರಾರು. ಹಿಂಗಾಗಿ ಹಾಡುವವರೇ ಕೇಂದ್ರಕ್ಕೆ ಹೋಗುವ ರೂಢಿ ಬಿತ್ತು. ನಾನೂ ಹೋಗೇನಿ. ಬಸ್ಸಿನ ಖರ್ಚು, ಎರಡು ದಿನದ ಹೊಲದ ಕೆಲಸ ಬಿಟ್ಟು ಹೋಗಬೇಕು. ಗಂಡಸರ ಮ್ಯಾಳಕ್ಕೆ ಅದು ಆಗೋ ಮಾತು. ನಸುಕಿನಾಗ ಬೀಸುವ ಕಲ್ಲಿನ ಮುಂದೆ ಕೂತು ಹಾಡುವ ಹೆಣ್ಣುಮಗಳಿಗೆ? ಎಮ್ಮಿ ಹಿಂಡೋದು, ರೊಟ್ಟಿ ಬಡಿಯೋದು, ಕೂಸು ಆಡಿಸೋದು ಬಿಟ್ಟು ಆಕಿ ಬಸ್ಸು ಹತ್ತಲಿಲ್ಲ. ಅಷ್ಟೇ ಅಲ್ಲ, ಬೀಸುವ ಕಲ್ಲು ಸ್ಟುಡಿಯೋಕ್ಕೆ ಬರಂಗಿಲ್ಲ. ಕಲ್ಲಿನ ಗರಗರ ಇಲ್ಲದ ಬೀಸುವ ಪದ ಅಂದರ ದಪ್ಪಿಲ್ಲದ ಗೀಗೀ ಇದ್ದಂಗ. ನಮ್ಮೂರ ಗಂಡಸರ ಹಾಡು ಅಷ್ಟಿಷ್ಟಾದರೂ ಗಾಳಿಗೆ ಹೋತು, ಹೆಂಗಸರ ಹಾಡು ಅಡಗಿ ಮನಿಯಾಗೇ ಉಳೀತು. ಇದು ಯಾರೂ ಬೇಕಂತ ಮಾಡಿದ್ದಲ್ಲ. ಕರೆಂಟು, ತಂತಿ ಎಲ್ಲಿ ಇದ್ದವೋ ಅಲ್ಲಿಗೆ ಯಾರು ಹೋಗಬಲ್ಲರೋ ಅವರ ದನಿ ಉಳೀತು.

ಇನ್ನ ಮೈಕಿನ ಮಾತು. ಸೂಕ್ಷ್ಮ ಧ್ವನಿ ಹಿಡಿಯುವ ಕಂಡೆನ್ಸರ್ ಮೈಕಿಗೆ ತನಗೇ ಬೇರೆ ಕರೆಂಟು ಬೇಕು. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿಯವರು ನಾರ್ವೆ ದೇಶದ ರೇಡಿಯೋಕ್ಕೆ ಮೈಕು ಮಾಡಿಕೊಟ್ಟರು. ಧ್ವನಿ ಬರುವ ತಂತಿಯಲ್ಲೇ ಕರೆಂಟು ಕಳಿಸುವ ಏರ್ಪಾಡು ಬೇಕು ಅಂತ ನಾರ್ವೆಯವರು ಕೇಳಿದ್ದರು. ಎಷ್ಟು ವೋಲ್ಟು ಇಡೋಣ ಅಂತ ನೋಡಿದರೆ, ಅಲ್ಲಿಯ ಸ್ಟುಡಿಯೋಗಳಲ್ಲಿ ಕತ್ತಲ ಕಾಲಕ್ಕೆ ಬೇಕಂತ ತುರ್ತು ದೀಪಗಳಿಗೆ 48 ವೋಲ್ಟಿನ ಲೈನು ಮೊದಲೇ ಇತ್ತು. ಅದನ್ನೇ ಹಿಡಿದರು. ಇವತ್ತಿಗೂ ಜಗತ್ತಿನ ಭಾಳಷ್ಟು ಮಿಕ್ಸರಿನ ಮ್ಯಾಲೆ 48 ಅಂತ ಬರೆದ ಒಂದು ಗುಂಡಿ ಇರತದ, ಫ್ಯಾಂಟಮ್ ಪವರ್ ಅಂತಾರ. ನಾರ್ವೆಯ ಚಳಿಗಾಲದ ದೀಪ ನಮ್ಮ ಹನುಮಂತ ದೇವರ ಗುಡಿಯ ಮಿಕ್ಸರಿನಲ್ಲಿ ಉರೀತದ ಅನ್ನಬಹುದು.

ಮಿಕ್ಸರ್ ಸಹಿತ ಬ್ಯಾಟರಿಗೆ ಒಗ್ಗಿತು. ಶೂರ್ ಕಂಪನಿಯ ಎಂ 267 ಅನ್ನುವ ಪೆಟ್ಟಿಗೆ ಹೊರಾಂಗಣ ಪ್ರಸಾರಕ್ಕೆ ಹೆಸರಾದದ್ದು. ನಾಲ್ಕು ಮೈಕು ಹಿಡಿಯತದ. ಗ್ವಾಡಿಯ ಕರೆಂಟಿನಿಂದ ನಡೀತದ, ಒಳಗೆ 9 ವೋಲ್ಟಿನ ಮೂರು ಸಣ್ಣ ಬ್ಯಾಟರಿಯೂ ಇರತಾವ. ಕರೆಂಟು ಹೋದರೆ ಬ್ಯಾಟರಿ ತಾನೇ ಹೊಣೆ ಹೊರತದ. ಅದರೊಳಗೆ ಒಂದೇ ಸ್ವರದಲ್ಲಿ ಕೂಗುವ ಒಂದು ಗುಂಡಿಯೂ ಐತಿ. ಕಾರ್ಯಕ್ರಮಕ್ಕೆ ಮೊದಲು ಆ ಸ್ವರ ಬಿಟ್ಟರೆ, ದೂರದ ಕೇಂದ್ರದವ ತಂತಿ ಕೂಡಿದೆಯೋ ಇಲ್ಲವೋ, ಧ್ವನಿ ಎಷ್ಟು ಏರಿಸಬೇಕು ಅಂತ ನೋಡಿಕೊಳ್ಳತಾನ. ನಾವು ಹಾಡೋಕ್ಕಿಂತ ಮೊದಲು ಶ್ರುತಿ ಹಿಡಿದಂಗ.

ಈಗ ತಂತಿಯ ಗುಟ್ಟು. ಟೆಲಿಫೋನ್ ತಂತಿ ಮನುಷ್ಯನ ಮಾತಿಗಾಗಿ ಮಾಡಿದ್ದು. 300ರಿಂದ 3400 ಹರ್ಟ್ಸ್ ತನಕದ ನಾದ ಅಷ್ಟೇ ಅದು ಒಯ್ಯತದ. ಮಾತು ತಿಳೀತದ, ಡೊಳ್ಳಿನ ಅಡಿಯ ಗುಡುಗು, ತಾಳದ ಮೇಲಿನ ಝಣತ್ಕಾರ ಎರಡೂ ಕಳೀತಾವ. ಅದಕ್ಕೇ ಸಂಗೀತಕ್ಕೆ ರೇಡಿಯೋದವರು ಬೇರೆ ತಯಾರಿ ಮಾಡಿದ ಲೈನು ಕೇಳಿ ಪಡೀತಿದ್ದರು. ಇನ್ನೊಂದು, ಎರಡು ತಂತಿಯನ್ನು ಹೆಡೆಯ ಹಾಗೆ ಹೆಣೆಯುವ ವಿದ್ಯೆ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ 1881ರಲ್ಲೇ ಇದರ ಹಕ್ಕು ಪಡೆದಿದ್ದ. ಹೊರಗಿನ ಕರೆಂಟಿನ ಗುಂಯ್ ಅನ್ನುವ ಸಪ್ಪಳ ಎರಡೂ ತಂತಿಯ ಮ್ಯಾಲೆ ಸಮ ಬೀಳತದ, ಕೊನೆಗೆ ಒಂದರೊಳಗ ಒಂದು ಕಳೆದು ಹೋಗತದ, ಹಾಡು ಮಾತ್ರ ಉಳೀತದ. ಮೈಕಿನ ತುದಿಯ ಮೂರು ಮೊಳೆಯ ಎಕ್ಸ್‌ಎಲ್‌ಆರ್ ಪಿನ್ನಿನ ಹಿಂದೆಯೂ ಇದೇ ಲೆಕ್ಕ. ಒಂದನೇ ಮೊಳೆ ಹೊರಗಿನ ಕವಚಕ್ಕೆ, ಎರಡು ಮತ್ತು ಮೂರನೇವು ಧ್ವನಿಗೆ. ಜಾತ್ರಿಯಾಗ ನೂರು ಮೀಟರ್ ತಂತಿ ಎಳೆದರೂ ಗುಂಯ್ ಅನ್ನದಿರಲು ಈ ಮೂರು ಮೊಳೆಯೇ ಕಾರಣ.

ಇಷ್ಟು ಎಲ್ಲಾ ಇದ್ದರೂ ಗಾಳಿ ಸರಕಾರದ ಕೈಯಾಗೇ ಇತ್ತು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆಕಾಶದ ತರಂಗಗಳು ಜನರ ಸೊತ್ತು ಅಂತ ತೀರ್ಪು ಕೊಟ್ಟಿತು. ಆದರೂ ಹಳ್ಳಿಯವರಿಗೆ ಪರವಾನಿಗೆ ಸಿಗಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಅಂತ ಊರವರ ರೇಡಿಯೋ ಈ ಶತಮಾನದ ಮೊದಲ ವರ್ಷಗಳಲ್ಲಿ ಶುರುವಾತು. ಗಾಳಿಯಲ್ಲಿ ಬಿಡಾಕ ಅಪ್ಪಣೆ ಇಲ್ಲ ಅಂತ ಅವರು ಟಿವಿಯ ಕೇಬಲ್ ತಂತಿಯಲ್ಲೇ ಧ್ವನಿ ಕಳಿಸಿ ಮನೆ ಮನೆಗೆ ಮುಟ್ಟಿಸಿದರು. ಬೀದರಿನ ಮಗ್ಗಲ ತೆಲಂಗಾಣದ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು ಯಂತ್ರ ಇಟ್ಟುಕೊಂಡು ವರ್ಷಗಟ್ಟಲೆ ಕಾದರು. ಹೊಲದ ಬೀಜದ ಮಾತು, ಹಾಡು ಎಲ್ಲಾ ಟೇಪಿನಲ್ಲಿ ಹಿಡಿದು ಸಂಘದ ಸಭೆಗಳಲ್ಲಿ ಕೇಳಿಸಿದರು. 2006ರಲ್ಲಿ ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಬಹುದು ಅಂತ ಕೇಂದ್ರ ಸರಕಾರ ನೀತಿ ಮಾಡಿತು. 2008ರ ಅಕ್ಟೋಬರ್ 15ರಂದು ಮಾಚನೂರಿನ ಸಂಘಂ ರೇಡಿಯೋ ಗಾಳಿಗೆ ಏರಿತು. ಮಿಕ್ಸರಿನ ಗುಂಡಿ ತಿರುಗಿಸೋರು, ಕಾರ್ಯಕ್ರಮ ಮಾಡೋರು ಎಲ್ಲಾ ಹಳ್ಳಿಯ ಹೆಂಗಸರೇ. ಅವರದು ತೆಲುಗು, ನಮ್ಮದು ಕನ್ನಡ. ಆದರೆ ಕಪ್ಪು ಮಣ್ಣು, ಜ್ವಾಳ, ತೊಗರಿ, ಬೀಸುವ ಕಲ್ಲು ಒಂದೇ.

ಇಷ್ಟು ಇತಿಹಾಸ ಹೇಳಿದ್ದು ಸುಮ್ಮನೆ ಅಲ್ಲ. ಆ ಎರಡು ಪ್ರಶ್ನೆಗೂ ಇವತ್ತು ನಮ್ಮ ಊರಾಗೇ ಉತ್ತರ ಐತಿ. ಹೆಂಗ ಅಂದರ ಕೇಳ್ರಿ.

ಕರೆಂಟು: ನಮ್ಮ ಹೊಲದ ಲೈನಿಗೆ ಕೆಲವು ದಿನ ಹಗಲು, ಕೆಲವು ದಿನ ರಾತ್ರಿ ಕರೆಂಟು, ನಂಬುವಂಥದ್ದಲ್ಲ. ಔಷಧ ಹೊಡೆಯುವ ಪಂಪಿನ ಬ್ಯಾಟರಿ ಎಲ್ಲರ ಮನಿಯಾಗ ಐತಿ. 12 ವೋಲ್ಟು, 8 ಆಂಪಿಯರ್ ತಾಸಿಂದು. ಗುಣಿಸಿದರೆ 96 ವಾಟ್ ತಾಸು. ಸೀಸದ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ 48 ಉಳೀತು. ಇನ್ವರ್ಟರ್ ಸ್ವಲ್ಪ ತಿಂತದ, 40 ಅಂತ ಹಿಡೀರಿ. ಸಣ್ಣ ಮಿಕ್ಸರ್ ಸುಮಾರು 10 ವಾಟ್ ಎಳೆದರೆ ನಾಲ್ಕು ತಾಸಿನ ಹಾಡು. ಮಿಕ್ಸರಿನ ಹಿಂದೆ ಎಷ್ಟು ವಾಟ್ ಅಂತ ಬರೆದಿರತದ, ಓದಿ ಲೆಕ್ಕ ಹಾಕ್ರಿ. ಬ್ಯಾಟರಿಯನ್ನ ನೇರ ಮಿಕ್ಸರಿಗೆ ಸಿಗಿಸಬ್ಯಾಡ್ರಿ, ಅದು ಬೇಡುವ ವೋಲ್ಟು ಬೇರೆ ಇರಬಹುದು. ಕಮ್ಮಿ ಬೆಲೆಯ ಇನ್ವರ್ಟರ್ ಗುಂಯ್ ಅಂದರೆ ಅದನ್ನ ದೂರ ಇಡ್ರಿ. ಕೆಲವು ಸಣ್ಣ ಮಿಕ್ಸರ್ ಮೊಬೈಲಿನ ಪವರ್ ಬ್ಯಾಂಕಿನಿಂದಲೇ ನಡೀತಾವ, ಅವಂತೂ ಇನ್ನೂ ಚಲೋ.

ಕೂಡಿಸೋದು: ಮೈಕಿನ ತಂತಿ, ಕರೆಂಟಿನ ತಂತಿ ಒಂದರ ಮಗ್ಗಲ ಒಂದು ಮಲಗಿಸಬಾರದು. ದಾಟಬೇಕಾದರೆ ಅಡ್ಡ ದಾಟಿಸಬೇಕು, ಗಾಡಿ ದಾರಿ ಕಾಲುವೆ ದಾಟಿದಂಗ. ಮೊದಲು ಎಲ್ಲಾ ಗುಂಡಿ ಇಳಿಸಿ, ತಂತಿ ಸಿಗಿಸಿ, ಆಮೇಲೆ ಮಿಕ್ಸರ್ ಹಚ್ಚಬೇಕು, ಸ್ಪೀಕರ್ ಎಲ್ಲಕ್ಕೂ ಕೊನೆಗೆ. ಆರಿಸುವಾಗ ಸ್ಪೀಕರ್ ಮೊದಲು. 48ರ ಗುಂಡಿ ಬೇಡುವ ಮೈಕು ಇದ್ದರೆ ಮಾತ್ರ ಒತ್ತಬೇಕು. ಮಿಕ್ಸರಿನಿಂದ ಫೋನಿಗೆ ಕೊಡುವಾಗ ನೆನಪಿಡ್ರಿ, ಮಿಕ್ಸರಿನಿಂದ ಬರುವ ಧ್ವನಿ ಗಟ್ಟಿ, ಫೋನಿನ ಮೈಕಿನ ಕಿವಿ ಭಾಳ ನಾಜೂಕು. ನಡುವೆ ಧ್ವನಿ ಇಳಿಸುವ ತಂತಿ ಅಥವಾ ಯುಎಸ್‌ಬಿ ಪೆಟ್ಟಿಗೆ ಬೇಕು. ಫೋನು ಮೊದಲೇ ಪೂರಾ ಚಾರ್ಜ್ ಮಾಡಿ, ಹಾಡುವಾಗ ಚಾರ್ಜಿಗೆ ಹಚ್ಚಬಾರದು, ಎರಡು ಕಡೆಯಿಂದ ಕರೆಂಟು ಸುತ್ತಿ ಗುಂಯ್ ಅಂತದ. ನೆಟ್‌ವರ್ಕ್ ಇದ್ದರೆ ಫೋನೇ ಟೆಲಿಫೋನ್ ತಂತಿ, ಇಲ್ಲದಿದ್ದರೆ ಫೋನೇ ಟೇಪು. ಪಿಟ್ಸ್‌ಬರ್ಗಿನ ದಾರಿಯೂ ಅದರೊಳಗೆ, ಕುಡೆಲ್ಸ್ಕಿಯ ದಾರಿಯೂ ಅದರೊಳಗೆ.

ನಮ್ಮ ಊರ ಕನ್ನಡ ಶಾಲಿಯಾಗ ಮಕ್ಕಳು ವರ್ಷದಿಂದ ವರ್ಷಕ್ಕೆ ಕಮ್ಮಿ ಆಗಾಕ ಹತ್ಯಾರ. ಬೀಸುವ ಕಲ್ಲು ಹಿಟ್ಟಿನ ಗಿರಣಿ ಬಂದಾಗಲೇ ಮೂಲಿಗೆ ಸೇರಿದಾವ. ಪದ ಬಲ್ಲ ಮುದುಕಿಯರು ನಮ್ಮ ಓಣಿಯಾಗ ಈಗ ನಾಲ್ಕೇ ಮಂದಿ ಅದಾರ, ಒಬ್ಬಾಕಿಗೆ ಎಂಬತ್ತು ದಾಟ್ಯಾವ. ಆಕಿ ಬಾಯಾಗ ಎಷ್ಟು ಪದ ಅದಾವ ಅಂತ ಆಕಿಗೇ ಲೆಕ್ಕ ಇಲ್ಲ. ಕಲ್ಲು ಹಿಡಿದು ತಿರುವಿದರೇ ಪದ ನೆನಪಾಗತಾವ, ಸುಮ್ಮನೆ ಕೂಡಿಸಿ ಕೇಳಿದರೆ ನಾಲ್ಕಕ್ಕೆ ನಿಲ್ಲಸತಾಳ. ಅಂದಮ್ಯಾಲೆ ಯಂತ್ರ ಆಕಿ ಇದ್ದಲ್ಲಿಗೆ ಹೋಗಬೇಕು, ಆಕಿ ಯಂತ್ರ ಇದ್ದಲ್ಲಿಗೆ ಅಲ್ಲ.

ಅದಕ್ಕೇ ಮಾಸ್ತರರಲ್ಲಿ, ಊರ ಹುಡುಗರಲ್ಲಿ ನನ್ನ ಮಾತು ಇಷ್ಟು. ವಾಚನಾಲಯದಲ್ಲಿ ಒಂದು ಸಣ್ಣ ಮಿಕ್ಸರ್, ಮೂರು ಮೈಕು, ಒಂದು ಬ್ಯಾಟರಿ ಇಡೋಣ. ಮಿಕ್ಸರಿಗೆ ನಾನು ವಂತಿಗೆ ಕೊಡತೀನಿ, ಬ್ಯಾಟರಿ ನನ್ನ ಪಂಪಿಂದು ಐತಿ. ಒಂದು ಮೈಕು ಹಾಡುವಾಕಿಗೆ, ಒಂದು ದನಿಗೂಡಿಸುವಾಕಿಗೆ, ಮೂರನೇದು ಕಲ್ಲಿನ ಹತ್ತಿರ. ಕಲ್ಲಿನ ಮೈಕು ಸ್ವಲ್ಪ ಇಳಿಸಿ ಇಡಬೇಕು, ಪೂರಾ ಮುಚ್ಚಬಾರದು. ಹಾಡಿದವರ ಹೆಸರು, ದಿನ, ಊರು ಮೊದಲು ಅವರ ಬಾಯಿಂದಲೇ ಹೇಳಿಸಬೇಕು, ಬ್ಯಾರೆಯವರಿಗೆ ಕಳಿಸಬೇಕಂದರ ಅವರ ಒಪ್ಪಿಗೆ ಕೇಳಬೇಕು. ಒಂದು ಪ್ರತಿ ವಾಚನಾಲಯದಲ್ಲಿ, ಒಂದು ಶಾಲಿಯಲ್ಲಿ, ಒಂದು ಅವರ ಮಕ್ಕಳ ಕೈಯಲ್ಲಿ. ಹಿಂಗಾರಿ ಜ್ವಾಳ ಬಿತ್ತಿ ಆದಮ್ಯಾಲೆ ಕೈಗೆ ಬಿಡುವು ಇರತದ. ಆ ಮುದುಕಿಯನ್ನ ನಾನು ಕೇಳೇನಿ. ನಸುಕಿನ ನಾಲ್ಕಕ್ಕೆ ಬರ್ರಿ, ಆಮೇಲೆ ನನಗ ಕೆಲಸ ಐತಿ ಅಂದಾಳ.